ಎರಡನೇ ಸಹಿ

ಜಗಳ ಹತ್ತಿದ್ದು ಕಿಟಕಿಯ ಜಾಗಕ್ಕೆ.

ಆ ಬೈಂಡಿಂಗ್ ಅಂಗಡಿಯಲ್ಲಿ ಇದ್ದದ್ದೇ ಒಂದು ಕಿಟಕಿ. ಅದರ ಕೆಳಗೆ ನಾದಿನಿಯ ಹೊಲಿಗೆ ಚೌಕಟ್ಟು ಎಷ್ಟೋ ವರ್ಷದಿಂದ ಬೇರು ಬಿಟ್ಟ ಹಾಗೆ ನಿಂತಿತ್ತು. ಹಳೆಯ ಪುಸ್ತಕಗಳ ಬೆನ್ನು ಬಿಚ್ಚಿ, ಹರಿದ ಹಾಳೆಗಳಿಗೆ ತೆಳು ಕಾಗದದ ತೇಪೆ ಹಾಕಿ, ಮೇಣ ಸವರಿದ ದಾರದಿಂದ ಮತ್ತೆ ಹೊಲಿದು ನಿಲ್ಲಿಸುವ ಕೆಲಸ ಅವಳದು. ಅದಕ್ಕೆ ಬೆಳಕು ಬೇಕು. ಅತ್ತಿಗೆಗೆ ಬೇಕಾಗಿದ್ದು ಹೊಸ ಸ್ಪೈರಲ್ ಮಷೀನಿಗೆ ಜಾಗ. ಶಾಲೆಗಳ ಕೆಲಸ ಬಾಗಿಲ ತನಕ ರಾಶಿ ಬಿದ್ದಿತ್ತು.

"ಒಂದು ಪುಸ್ತಕಕ್ಕೆ ಹದಿನೈದು ದಿನ ಆರೈಕೆ ಮಾಡ್ತೀಯಲ್ಲೇ, ಅದೇನು ಪುಸ್ತಕಾನೋ ಬಾಣಂತಿಯೋ?" ಎಂದು ಶುರು ಮಾಡಿದ್ದು ಅತ್ತಿಗೆ.

"ನಿಮ್ಮ ಮಷೀನಿಗೆ ಕಿಟಕಿ ಯಾಕೆ ಅತ್ತಿಗೆ? ಅದಕ್ಕೇನು ಕಣ್ಣಿದೆಯಾ? ಬರೀ ಹಲ್ಲು" ಎಂದಳು ನಾದಿನಿ, ದಾರದಿಂದ ಕಣ್ಣೆತ್ತದೆ.

ಹಾಗೆ ಕಣ್ಣೆತ್ತದೆ ಇದ್ದದ್ದೇ ಅತ್ತಿಗೆಯ ಪಿತ್ತ ನೆತ್ತಿಗೇರಿಸಿತು. ಮಾತಿಗೆ ಮಾತು ಬೆಳೆಯಿತು. ಸ್ಪೈರಲ್ ಹಾಕಿದ ಪುಸ್ತಕ ಪುಸ್ತಕವೇ ಅಲ್ಲ ಎಂದಳು ಒಬ್ಬಳು. ಹಾಗಾದರೆ ಈ ಅಂಗಡಿಯ ದೀಪ ಉರಿಯುತ್ತಿರುವುದು ಯಾತರಿಂದ ಎಂದಳು ಇನ್ನೊಬ್ಬಳು. ಕೊನೆಗೆ ಅತ್ತಿಗೆಯೇ, "ಇದೆಲ್ಲ ಬೇಡ, ಪಾಲು ಮಾಡ್ಕೊಂಡುಬಿಡೋಣ. ನಿನ್ನ ಸಾಮಾನು ನಿನಗೆ, ನನ್ನದು ನನಗೆ" ಎಂದು ಕೈಗೆ ಸಿಕ್ಕ, ಗಿರಾಕಿಗಳ ಕೆಲಸ ಬರೆದುಕೊಳ್ಳುವ ಚೀಟಿ ಪುಸ್ತಕ ಎಳೆದುಕೊಂಡು ಒಂದೇ ಉಸಿರಿಗೆ ಬರೆದಳು.

ಕಟಿಂಗ್ ಮಷೀನು, ಅಂಗಡಿಯ ಬಾಡಿಗೆ ಕರಾರು, ಶಾಲೆ ಮತ್ತು ಕಚೇರಿಗಳ ಕೆಲಸ ಅತ್ತಿಗೆಗೆ. ಹೊಲಿಗೆ ಚೌಕಟ್ಟು, ಕೈಪ್ರೆಸ್ಸು, ಅಕ್ಷರದ ಅಚ್ಚುಗಳು, ಹಳೆಯ ಪುಸ್ತಕ ರಿಪೇರಿಯ ಕೆಲಸ ಪೂರ್ತಿಯಾಗಿ ನಾದಿನಿಗೆ. ಇನ್ನು ಮೇಲೆ ಒಬ್ಬರ ಪಾಲಿನ ಮೇಲೆ ಇನ್ನೊಬ್ಬರು ಹಕ್ಕು ಕೇಳುವಂತಿಲ್ಲ.

ಸಹಿ ಹಾಕಿ ಚೀಟಿಯನ್ನು ಆ ಕಡೆಗೆ ತಳ್ಳಿದಳು. ನಾದಿನಿ ಎರಡು ಸಲ ಓದಿದಳು, ಸಹಿ ಹಾಕಿದಳು, ಮೇಲಿನ ಪ್ರತಿಯನ್ನು ಹರಿದು ನಾಲ್ಕಾಗಿ ಮಡಿಸಿ ಪರ್ಸಿಗೆ ಸೇರಿಸಿದಳು. ಕಾರ್ಬನ್ ಪ್ರತಿ ಪುಸ್ತಕದಲ್ಲೇ ಉಳಿಯಿತು. ಆಮೇಲೆ ಹನ್ನೊಂದು ಗಂಟೆಗೆ ಎಂದಿನಂತೆ ಎರಡು ಲೋಟ ಚಹಾ ತಂದು, ಒಂದನ್ನು ಅತ್ತಿಗೆಯ ಎಡಗೈ ಪಕ್ಕದಲ್ಲಿಟ್ಟಳು. ಬಲಗೈಯಲ್ಲಿ ಗೋಂದಿನ ಬ್ರಷ್ ಇರುತ್ತದಲ್ಲ, ಅದಕ್ಕೆ. ಚಹಾ ಕುಡಿಯುತ್ತ ಅತ್ತಿಗೆ ಅಂದುಕೊಂಡಳು, ಮುಗಿಯಿತು, ನಾಳೆ ಬೆಳಗ್ಗೆ ಎಲ್ಲ ಮೊದಲಿನ ಹಾಗೆ.

ಹಾಗೆಯೇ ಹತ್ತು ದಿನ ಕಳೆಯಿತು. ಹನ್ನೊಂದನೇ ದಿನ ನಾದಿನಿ ದಾರಕ್ಕೆ ಮೇಣ ಸವರುತ್ತ, ಹವೆಯ ಬಗ್ಗೆ ಹೇಳುವ ದನಿಯಲ್ಲಿ, "ದೊಡ್ಡ ಲೈಬ್ರರಿಯವರು ಒಂದು ರೂಮು ಕೊಡ್ತಾರಂತೆ ಅತ್ತಿಗೆ. ಅವರ ಹಳೇ ಪುಸ್ತಕಗಳನ್ನ ನೋಡ್ಕೋಬೇಕು, ಹೊರಗಿನ ಕೆಲಸಾನೂ ತಗೋಬಹುದು. ಹಿಂದುಗಡೆ ಇರೋಕೂ ಜಾಗ ಇದೆ. ಸಾಮಾನು ಮಾತ್ರ ನನ್ನದೇ ಇರಬೇಕಂತೆ. ಸೋಮವಾರ ಹೂಂ ಅಂತ ಬರೆದುಕೊಡಬೇಕು" ಎಂದಳು.

ಅತ್ತಿಗೆಯ ಬ್ರಷ್ ರಟ್ಟಿನ ಮೇಲೆ ಇದ್ದಲ್ಲೇ ನಿಂತಿತು.

ಮಾವನವರು ಸಾಯುವಾಗ ಅಂಗಡಿಯನ್ನು ಮಗ, ಮಗಳು ಇಬ್ಬರಿಗೂ ಸಮವಾಗಿ ಬಿಟ್ಟು ಹೋಗಿದ್ದರು. ಆರು ವರ್ಷದ ಹಿಂದೆ ಗಂಡ ತೀರಿಕೊಂಡಾಗ ಅವನ ಅರ್ಧ ಅತ್ತಿಗೆಯ ಪಾಲಿಗೆ ಬಂತು. ಅಂದರೆ ಆ ಅಂಗಡಿಯಲ್ಲಿ ಒಂದು ಸೂಜಿ ಕೂಡ ಯಾರೊಬ್ಬಳದೇ ಸ್ವತ್ತಲ್ಲ. ಆ ಚೀಟಿ ಗಟ್ಟಿಯಾದರೆ ಸಾಮಾನು ನಾದಿನಿಯದು, ಅವಳು ಹೋಗುತ್ತಾಳೆ. ಗಟ್ಟಿಯಲ್ಲದಿದ್ದರೆ ಚೌಕಟ್ಟಿಗೂ ಅಚ್ಚುಗಳಿಗೂ ಇಬ್ಬರೂ ಒಡೆಯರು. ಅತ್ತಿಗೆ ಒಲ್ಲೆ ಎಂದರೆ ಅವು ಹೊಸಿಲು ದಾಟುವಂತಿಲ್ಲ, ಅವುಗಳ ಜೊತೆಗೆ ನಾದಿನಿಯೂ.

ಈ ಲೆಕ್ಕಾಚಾರ ತಲೆಗೆ ಬಂದದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಆದರೂ ಅದು ಹೋಗಲಿಲ್ಲ, ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನ ಹಾಗೆ ಕಾಡುತ್ತಲೇ ಇತ್ತು.

ಶನಿವಾರ ಬೆಳಗ್ಗೆ ವಕೀಲಮ್ಮನ ಹನ್ನೆರಡು ಸಂಪುಟಗಳನ್ನು ತಲುಪಿಸುವುದಿತ್ತು. ವರ್ಷಕ್ಕೊಮ್ಮೆ ಅವರು ಕಾನೂನು ವರದಿಗಳನ್ನು ಕಟ್ಟಿಸುತ್ತಿದ್ದರು. ಅತ್ತಿಗೆ ಚೀಟಿಯ ಕಾರ್ಬನ್ ಪ್ರತಿಯನ್ನು ಕಿತ್ತು ಕೈಚೀಲಕ್ಕೆ ಹಾಕಿಕೊಂಡು ಹೊರಟಳು. ವಕೀಲಮ್ಮನ ಕೋಣೆಯಲ್ಲಿ ಕೂರುವ ಕುರ್ಚಿ ಬಿಟ್ಟು ಬೇರೆಲ್ಲದರ ಮೇಲೂ ಫೈಲುಗಳು. ಅವರು ಸಂಪುಟಗಳನ್ನು ಮೂಸಿ ನೋಡಿ, "ಆಹಾ, ವಾಸನೆಗೇ ವಾದ ಗೆಲ್ಲಬಹುದು" ಎಂದರು.

"ಮೇಡಂ, ಒಂದು ಮಾತು ಕೇಳಬೇಕಿತ್ತು. ನಮ್ಮ ಪರಿಚಯದವರೊಬ್ಬರು…"

"ಆ ಪರಿಚಯದವರ ಉಗುರಲ್ಲೂ ಹೀಗೇ ಗೋಂದು ಇದೆಯಾ?" ವಕೀಲಮ್ಮ ಕನ್ನಡಕ ಕೆಳಗಿಳಿಸಿ ಅವಳ ಬೆರಳುಗಳನ್ನು ನೋಡಿದರು. "ಕೊಡಿ ಇಲ್ಲಿ, ಏನು ಕಾಗದ ಅದು."

ಅತ್ತಿಗೆ ಚೀಟಿ ಕೊಟ್ಟಳು. ಕಿಟಕಿಯಿಂದ ಲೈಬ್ರರಿಯವರೆಗೆ ಎಲ್ಲ ಹೇಳಿಕೊಂಡಳು. ವಕೀಲಮ್ಮ ಓದುವಷ್ಟು ಹೊತ್ತು ಅವಳು ತನ್ನ ಉಗುರಿನ ಗೋಂದು ಕೆರೆಯುತ್ತ ಕೂತಳು.

"ಛಾಪಾ ಕಾಗದ ಅಲ್ವಲ್ಲ ಮೇಡಂ. ಅಂಗಡಿ ಚೀಟಿ. ಸಿಟ್ಟಲ್ಲಿ ಬರೆದದ್ದು. ಇದು ನಿಲ್ಲುತ್ತಾ?"

"ಕಾಗದ ಯಾವುದಾದರೇನು? ಇಂಥ ಮಾತಿಗೆ ಅದು ಮುಖ್ಯ ಅಲ್ಲ. ಸಿಟ್ಟು ಇತ್ತಾ ಅಂತಲೂ ಯಾರೂ ಕೇಳಲ್ಲ; ಸಿಟ್ಟಿಲ್ಲದೆ ಯಾರು ಪಾಲು ಮಾಡ್ಕೋತಾರೆ ಹೇಳಿ. ನೋಡೋದು ಏನಪ್ಪಾ ಅಂದ್ರೆ, ಒಬ್ಬರು ಇದನ್ನ ಕೊಡ್ತೀನಿ ಅಂದ್ರಾ? ಅಂದಿದ್ದೀರಿ. ಇನ್ನೊಬ್ಬರು ಅದನ್ನ ಒಪ್ಪಿ ತಮ್ಮ ಕಡೆಯಿಂದ ಏನನ್ನಾದರೂ ಬಿಟ್ಟರಾ? ಕಟಿಂಗ್ ಮಷೀನಿನ ಅರ್ಧ, ಅಂಗಡಿಯ ಅರ್ಧ ಬಿಟ್ಟಿದ್ದಾರೆ. ಯಾವುದು ಯಾರಿಗೆ ಅನ್ನೋದು ಸ್ಪಷ್ಟವಾಗಿದೆಯಾ? ನನ್ನ ಕಕ್ಷಿದಾರರಿಗೆ ಇಷ್ಟು ಚೆನ್ನಾಗಿ ಬರೆಯೋಕೆ ಬರಲ್ಲ."

ಅತ್ತಿಗೆ ಏಳಲು ಕೈಚೀಲ ಎತ್ತಿಕೊಂಡಳು. "ಹಾಗಾದ್ರೆ ಮುಗೀತು."

"ತಾಳಿ. ಇನ್ನೊಂದಿದೆ. ಇದಕ್ಕೆ ಕಟ್ಟುಬೀಳಬೇಕು ಅಂತಲೇ ಇಬ್ಬರೂ ಬರೆದ್ರಾ, ಅಥವಾ ಇದು ಬರೀ ಮಾತು, ಪಕ್ಕಾ ಮಾಡೋದು ಆಮೇಲೆ ಅಂತಿತ್ತಾ?" ವಕೀಲಮ್ಮ ಚೀಟಿಯ ಕೆಳಭಾಗಕ್ಕೆ ಬೆರಳಿಟ್ಟರು. "ಇಲ್ಲಿ ಖಾಲಿ ಬಿಟ್ಟಿದ್ದೀರಲ್ಲ."

ಆ ಅಂಗಡಿಯ ಚೀಟಿಗೆ ಎರಡು ಸಹಿಯ ಜಾಗ. ಕೆಲಸ ಕೊಡುವಾಗ ಒಂದು. ಆಮೇಲೆ ಅಂಗಡಿಯವರು ಒಂದು ಮಾದರಿ ಮಾಡಿ ತೋರಿಸುತ್ತಾರೆ. ಅಂಚು ಎಷ್ಟು, ಬಟ್ಟೆಯ ಬಣ್ಣ ಯಾವುದು, ಅಕ್ಷರ ಎಲ್ಲಿ ಬರಬೇಕು ಎಂದು ನೋಡಿ ಒಪ್ಪಿದ ಮೇಲೆ ಕೆಳಗೆ ಇನ್ನೊಂದು. ಮಾವನವರು ಹರೆಯದಲ್ಲಿ ಒಮ್ಮೆ ಯಾರದೋ ಅಜ್ಜಿ ಪುಸ್ತಕದ ಅಂಚಿನ ತುಂಬ ಬರೆದಿಟ್ಟಿದ್ದ ಮಾತುಗಳನ್ನೆಲ್ಲ ಅಂಚು ಸಮ ಮಾಡುವ ಭರದಲ್ಲಿ ಕತ್ತರಿಸಿ ಹಾಕಿದ್ದರಂತೆ. ಆ ಮನೆಯವರು ಬೈಯಲೂ ಇಲ್ಲ, ಕಸದ ಬುಟ್ಟಿಯಿಂದ ಚೂರುಗಳನ್ನು ಆರಿಸಿಕೊಂಡು ಹೋದರಂತೆ. ಅಂದಿನಿಂದ ಎರಡನೇ ಸಹಿ ಬೀಳದೆ ಕಾಗದಕ್ಕೆ ಚಾಕು ಮುಟ್ಟಿಸುವಂತಿಲ್ಲ ಎಂಬುದು ಅಂಗಡಿಯ ಕಟ್ಟುನಿಟ್ಟು.

"ನಾನೇ ವರ್ಷ ವರ್ಷ ಹಾಕಿದ್ದೀನಲ್ಲ ಈ ಸಹಿ" ಎಂದರು ವಕೀಲಮ್ಮ. "ಎರಡನೆಯದು ಬೀಳೋವರೆಗೂ ನಾನು ಮನಸ್ಸು ಬದಲಾಯಿಸಬಹುದು, ನೀವು ಗೊಣಗೋ ಹಾಗಿಲ್ಲ. ನಿಮ್ಮಿಬ್ಬರಿಗೂ ಈ ರೂಢಿ ಗೊತ್ತು. ಅದೇ ಚೀಟಿಯಲ್ಲಿ ಪಾಲು ಬರೆದು ಮೊದಲನೇ ಸಹಿ ಮಾತ್ರ ಹಾಕಿದ್ದೀರಿ ಅಂದ್ರೆ, ಇದು ಇನ್ನೂ ಮಾತುಕತೆ, ಕರಾರು ಆಗಿಲ್ಲ ಅಂತ ನಾನು ಗಟ್ಟಿಯಾಗಿ ವಾದಿಸಬಲ್ಲೆ. ಆದರೆ ಅವರು ಇದನ್ನೇ ನಂಬಿ ಲೈಬ್ರರಿಗೆ ಮಾತು ಕೊಟ್ಟು ಹೆಜ್ಜೆ ಇಟ್ಟುಬಿಟ್ಟರೆ ನನ್ನ ವಾದ ಸೊರಗುತ್ತೆ. ಹೇಳೋದಿದ್ರೆ ಸೋಮವಾರದೊಳಗೆ ಹೇಳಿ."

ಅತ್ತಿಗೆ ಉಸಿರು ಬಿಟ್ಟಳು. ಬಾಗಿಲು ತೆರೆದೇ ಇತ್ತು ಹಾಗಾದರೆ.

ವಕೀಲಮ್ಮ ಚೀಟಿ ಹಿಂದಿರುಗಿಸುತ್ತ, "ಇಷ್ಟು ವರ್ಷದ ಕಸುಬಲ್ಲಿ ಒಂದು ಕಲಿತಿದ್ದೀನಿ. ಇದು ನಿಲ್ಲುತ್ತಾ ಅಂತ ಕೇಳೋರಲ್ಲಿ ಎರಡು ಥರ. ನಿಲ್ಲಲಿ ಅನ್ನೋರು, ನಿಲ್ಲದೆ ಹೋಗಲಿ ಅನ್ನೋರು. ನೀವು ಯಾವುದು?" ಎಂದು ಕೇಳಿದರು.

ಅತ್ತಿಗೆ ಖಾಲಿ ಚೀಲವನ್ನು ಮಡಿಸಿ ಮಡಿಸಿ ಅಂಗೈಯಷ್ಟು ಮಾಡಿಕೊಂಡು ಎದ್ದಳು.

ಬಸ್ಸು ಹತ್ತದೆ ನಡೆದೇ ಬಂದಳು. ದಾರಿಯಲ್ಲಿ ಮಾತು ಜೋಡಿಸಿಕೊಳ್ಳುತ್ತಿದ್ದಳು. 'ಎರಡನೇ ಸಹಿ ಹಾಕಿಲ್ಲ ಕಣೇ, ಅದು ಲೆಕ್ಕಕ್ಕಿಲ್ಲ.' ಅಷ್ಟು ಸಾಕು. ನಾದಿನಿ ತಿರುಗಿ ಮಾತಾಡುವವಳಲ್ಲ. ಒಂದು ದಿನ ಮುಖ ಸಣ್ಣ ಮಾಡಿಕೊಂಡಾಳು, ಆಮೇಲೆ ಚಹಾ ತಂದಿಟ್ಟಾಳು. ಬೇಕಾದರೆ ಕಿಟಕಿ ಅವಳಿಗೇ ಇರಲಿ, ಸ್ಪೈರಲ್ ಮಷೀನನ್ನು ಬಾಗಿಲ ಬಳಿ ತುರುಕಿದರಾಯಿತು.

ಆದರೆ ನಡಿಗೆಯ ಜೊತೆ ಬೇರೆ ನೆನಪುಗಳೂ ಬಂದವು. ಅವಳು ಮದುವೆಯಾಗಿ ಬಂದಾಗ ನಾದಿನಿಗೆ ಇಪ್ಪತ್ತೊಂದು. ಇದ್ದ ಎರಡು ಕೋಣೆಯಲ್ಲಿ ತನ್ನದನ್ನು ಹೊಸ ಜೋಡಿಗೆ ಬಿಟ್ಟುಕೊಟ್ಟು ನಡುಮನೆಗೆ ಹಾಸಿಗೆ ಸಾಗಿಸಿದವಳು ಇವತ್ತಿಗೂ ಅಲ್ಲೇ ಮಲಗುತ್ತಾಳೆ. ಗಂಡ ಹೋದ ಮೇಲೆ ಅತ್ತಿಗೆ ಗೋಡೆಗೆ ಮುಖ ಹಾಕಿ ಮಲಗಿಬಿಟ್ಟಿದ್ದಳು. ನಾದಿನಿ ಅದು ಇದು ಸಮಾಧಾನ ಹೇಳಲಿಲ್ಲ. ಒಂದು ಬೆಳಗ್ಗೆ ಬಂದು ಅವಳ ತಲೆ ಬಾಚಿ, ಚಪ್ಪಲಿ ಕಾಲ ಬುಡಕ್ಕೆ ತಂದಿಟ್ಟು, ಅಂಗಡಿಗೆ ಕರೆದೊಯ್ದು, ಎದುರಿಗೆ ಕಾಗದದ ರಾಶಿ ಇಟ್ಟು, "ಇದನ್ನ ಮಡಿಸಿ ಅತ್ತಿಗೆ" ಎಂದಿದ್ದಳು. ಅಷ್ಟೇ. ಮೊದಲ ದಿನ ಮಡಿಸಿದ್ದೆಲ್ಲ ಸೊಟ್ಟ. ಅವನ್ನೆಲ್ಲ ನಾದಿನಿ ಸದ್ದಿಲ್ಲದೆ ಬಿಚ್ಚಿ ಮತ್ತೆ ಮಡಿಸಿದ್ದು ಅವಳಿಗೆ ಎಷ್ಟೋ ತಿಂಗಳ ಮೇಲೆ ಗೊತ್ತಾಗಿತ್ತು.

ಅವಳು ಹೋದರೆ ನಾನು ಯಾರನ್ನು ಬೈಯಲಿ, ಎಂದುಕೊಂಡಳು ಅತ್ತಿಗೆ. ರಸ್ತೆ ದಾಟುವಾಗ ಕಣ್ಣು ಮಂಜಾಯಿತು.

ಅಂಗಡಿಗೆ ಬಂದರೆ ನಾದಿನಿ ಕೆಲಸ ಮಾಡುತ್ತಿರಲಿಲ್ಲ. ಮೇಜಿನ ಮೇಲೆ ಕಂದು ಕಾಗದ ಹಾಸಿಕೊಂಡು ಪೆನ್ಸಿಲಿನಿಂದ ಏನೋ ಗೀಚುತ್ತಿದ್ದಳು. ಒಂದು ಕೋಣೆಯ ನಕ್ಷೆ. ಚೌಕಟ್ಟು ಒಂದು ಕಡೆ, ಕೈಪ್ರೆಸ್ಸು ಒಂದು ಕಡೆ, ಮಧ್ಯೆ ಮೇಜು, ಹಿಂದುಗಡೆ ಇರೋಕೆ ಇನ್ನೊಂದು ಪುಟ್ಟ ಜಾಗ. ಅಳಿಸಿ, ಬರೆದು, ಮತ್ತೆ ಅಳಿಸಿ ಕಾಗದ ಒಂದೆಡೆ ಸವೆದೇ ಹೋಗಿತ್ತು.

"ಏನೇ ಅದು?"

ನಾದಿನಿ ಬೆಚ್ಚಿ ಕೈ ಅಡ್ಡ ಇಟ್ಟಳು, ಕದ್ದು ತಿನ್ನುವಾಗ ಸಿಕ್ಕಿಬಿದ್ದವರ ಹಾಗೆ. "ಏನಿಲ್ಲ ಅತ್ತಿಗೆ, ಸುಮ್ಮನೆ. ಮಂಚ ಯಾವ ಕಡೆ ಹಾಕಲಿ ಅಂತ. ಬಾಗಿಲು ಹಾಕ್ಕೊಂಡ್ರೆ ಪೂರ್ತಿ ನನ್ನದೇ ಅಲ್ವಾ, ಅದಕ್ಕೇ ತಲೆ ಓಡ್ತಾ ಇಲ್ಲ" ಎಂದು ನಕ್ಕಳು. ನಲವತ್ತೇಳರ ಈ ಹೆಂಗಸು ಹಾಗೆ ನಕ್ಕದ್ದನ್ನು ಅತ್ತಿಗೆ ಎಂದೂ ನೋಡಿರಲಿಲ್ಲ. ಜೋಡಿಸಿಕೊಂಡು ಬಂದ ಮಾತನ್ನು ಆಡುವುದು ಬೇಡವೆನ್ನಿಸಿತು.

ಆದರೂ ಬಚ್ಚಿಡುವುದು ಅವಳಿಂದ ಆಗಲಿಲ್ಲ. ಚೀಟಿಯನ್ನು ಮೇಜಿನ ಮೇಲಿಟ್ಟು, ಕೆಳಗಿನ ಖಾಲಿ ಜಾಗ ತೋರಿಸಿ, "ನಾವು ಎರಡನೇ ಸಹಿ ಹಾಕಿಲ್ಲ. ಇದು ಇನ್ನೂ ಕರಾರು ಅಲ್ವಂತೆ. ವಕೀಲಮ್ಮ ಹೇಳಿದ್ರು" ಎಂದಳು.

ನಾದಿನಿಯ ಮುಖದ ನಗು ಮೆಲ್ಲಗೆ ಇಳಿಯಿತು. ಆದರೆ ಅವಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

"ಗೊತ್ತು ಅತ್ತಿಗೆ. ಅವತ್ತೇ ನೋಡಿದ್ದೆ."

"ಗೊತ್ತಿತ್ತಾ? ಮತ್ತೆ ಯಾಕೆ ಬಾಯಿ ಬಿಡಲಿಲ್ಲ?"

"ಸಿಟ್ಟಲ್ಲಿ ಬರೆದ್ರಿ. ನಾಳೆ ನಿಮಗೆ ಬೇಡ ಅನ್ನಿಸಿದ್ರೆ ವಾಪಸ್ ಬರೋಕೆ ಒಂದು ದಾರಿ ಇರಲಿ ಅಂತ ಬಿಟ್ಟೆ." ನಾದಿನಿ ಪೆನ್ಸಿಲಿನ ತುದಿಯನ್ನು ಉಗುರಿನಿಂದ ಒತ್ತುತ್ತಿದ್ದಳು. "ನನಗೂ ಬೇಡ ಅನ್ನಿಸಬಹುದು ಅಂತ. ಹತ್ತು ದಿನ ಕಾದೆ. ಅನ್ನಿಸಲಿಲ್ಲ."

"ಕೇಳಬಹುದಿತ್ತಲ್ಲೇ, ಸಹಿ ಹಾಕಿ ಅಂತ."

"ಕೇಳಿದ್ರೆ ನೀವು ಹಾಕ್ತಿದ್ರಿ. ಹಟಕ್ಕೆ. ಹಟದ ಸಹಿ ನನಗೆ ಬೇಡ."

ಹೊರಗೆ ಯಾರೋ ಸೈಕಲ್ ಬೆಲ್ಲು ಬಾರಿಸುತ್ತ ಹೋದರು. ಅತ್ತಿಗೆ ಸ್ಟೂಲು ಎಳೆದುಕೊಂಡು ಕೂತಳು. ಇಷ್ಟು ವರ್ಷದಲ್ಲಿ ಅವಳು ನಾದಿನಿಗೆ ಬೇಕಾದಷ್ಟು ಪ್ರಶ್ನೆ ಕೇಳಿದ್ದಳು. ಗೋಂದು ಕಾಯಿಸಿದೆಯಾ, ರಟ್ಟು ಬಂತಾ, ಬಾಗಿಲು ಹಾಕಿದೆಯಾ, ಊಟ ಮಾಡಿದೆಯಾ. ಈ ಒಂದು ಪ್ರಶ್ನೆ ನಾಲಿಗೆಗೆ ಹೊಸದು.

"ನಿನಗೆ ಹೋಗಬೇಕಾ?"

ನಾದಿನಿ ಚೌಕಟ್ಟನ್ನು ನೋಡಿದಳು, ಕಿಟಕಿಯನ್ನು ನೋಡಿದಳು, ಕೊನೆಗೆ ಅತ್ತಿಗೆಯ ಮುಖವನ್ನು ನೇರವಾಗಿ ನೋಡಿದಳು. "ನಿಮ್ಮನ್ನ ಬಿಟ್ಟು ಹೋಗಬೇಕು ಅಂತ ಅಲ್ಲ ಅತ್ತಿಗೆ. ಆದ್ರೆ ಹೋಗಬೇಕು."

ಅತ್ತಿಗೆ ಸ್ವಲ್ಪ ಹೊತ್ತು ಮೇಜಿನ ಮೇಲಿನ ಕಾಗದದ ಚೂರುಗಳನ್ನು ಒಟ್ಟು ಮಾಡಿದಳು. ಮಾಡಿದ್ದನ್ನೇ ಮತ್ತೆ ಹರಡಿ ಮತ್ತೆ ಒಟ್ಟು ಮಾಡಿದಳು. ಆಮೇಲೆ ಮೂಗು ಏರಿಸಿ, "ಸರಿ. ಆದ್ರೆ ಮಾದರಿ ನೋಡದೆ ಎರಡನೇ ಸಹಿ ಹಾಕೋ ಹಾಗಿಲ್ಲ. ನಿಮ್ಮಪ್ಪನ ಅಂಗಡಿ ಇದು. ಸಾಮಾನೆಲ್ಲ ತಂದು ಮೇಜಿನ ಮೇಲೆ ಇಡು, ಒಂದೊಂದೇ ನೋಡಿ ಹಾಕೋಣ" ಎಂದಳು.

ಒಂದೊಂದೇ ಬಂತು. ದಬ್ಬಣಗಳು, ಹಾಳೆ ಮಡಿಸುವ ಮೂಳೆಯ ಪಟ್ಟಿ, ಅಕ್ಷರದ ಅಚ್ಚುಗಳ ಪೆಟ್ಟಿಗೆ. ಅಚ್ಚುಗಳನ್ನು ಎಣಿಸಿದಾಗ ಒಂದು ಅಕ್ಷರ ಕಡಿಮೆ. ಇಬ್ಬರೂ ನೆಲಕ್ಕೆ ಮಂಡಿಯೂರಿ ಹುಡುಕಿದರು, ಅದು ಕಟಿಂಗ್ ಮಷೀನಿನ ಕೆಳಗೆ ಧೂಳು ಮೆತ್ತಿಕೊಂಡು ಬಿದ್ದಿತ್ತು.

"ನನ್ನ ಮಷೀನಿನ ಕೆಳಗೆ ಸಿಕ್ಕಿದ್ದು, ಹಾಗಾದ್ರೆ ನನ್ನದು" ಎಂದಳು ಅತ್ತಿಗೆ.

"ಇಟ್ಕೊಳ್ಳಿ. ಒಂದೇ ಅಕ್ಷರದಲ್ಲಿ ಏನು ಬರೀತೀರೋ ನೋಡೋಣ."

ಇಬ್ಬರಿಗೂ ನಗು ಬಂತು. ದೊಡ್ಡ ಕತ್ತರಿ ಯಾರಿಗೆಂದು ಚೀಟಿಯಲ್ಲಿ ಇರಲಿಲ್ಲ. ನೀನೇ ತಗೋ ಎಂದಳು ಅತ್ತಿಗೆ. ಬೇಡ, ನಿಮಗೆ ಬೇರೆಯದು ಕೈಗೆ ಹಿಡಿಸಲ್ಲ ಎಂದಳು ನಾದಿನಿ. ಕೊಡುವುದಕ್ಕೇ ಒಂದು ಗಳಿಗೆ ಜಗಳವಾಗಿ ಕತ್ತರಿ ಅತ್ತಿಗೆಗೇ ಉಳಿಯಿತು. ಅದನ್ನೂ ಚೀಟಿಗೆ ಸೇರಿಸಿದರು. ಹಿಂದೆ ಸರಿಯಲು ಆಗದಂತೆ ಎಲ್ಲ ಸ್ಪಷ್ಟವಾಗಿರಬೇಕೆಂದು ಈಗ ಅತ್ತಿಗೆಯೇ ಪಟ್ಟು ಹಿಡಿದಿದ್ದಳು. ವಕೀಲಮ್ಮ ಹೇಳಿದ್ದನ್ನೆಲ್ಲ ಇನ್ನೊಬ್ಬರ ಬಾಯಿಂದ ಕೇಳಿದವರ ಹಾಗಲ್ಲ, ತಾನೇ ಕೋರ್ಟಿನಲ್ಲಿ ಹುಟ್ಟಿ ಬೆಳೆದವಳ ಹಾಗೆ ಹೇಳುತ್ತಿದ್ದಳು.

ಕೊನೆಯಲ್ಲಿ ಪೆನ್ನು ಹಿಡಿದು ಇನ್ನೊಂದು ಸಾಲು ಬರೆದಳು. 'ನಾದಿನಿ ಆಗಾಗ ಬರುತ್ತಿರಬೇಕು.'

ನಾದಿನಿ ಬಗ್ಗಿ ಓದಿದಳು. "ಸ್ಪಷ್ಟವಾಗಿರಬೇಕು ಅಂದ್ರಲ್ಲ. ಆಗಾಗ ಅಂದ್ರೆ ಎಷ್ಟು ಸಲ?"

"ವಾರಕ್ಕೊಂದ್ಸಲ."

"ಬರೆಯಿರಿ ಹಾಗೇ. ನಾನು ಒಪ್ತೀನಿ."

ಅತ್ತಿಗೆ 'ವಾರಕ್ಕೆ' ಎಂದು ಬರೆದಳು, ನಿಲ್ಲಿಸಿದಳು. ಸ್ವಲ್ಪ ಹೊತ್ತು ಆ ಸಾಲನ್ನೇ ನೋಡಿದಳು. ಆಮೇಲೆ ಅದರ ಮೇಲೆ ಉದ್ದಕ್ಕೆ ಗೆರೆ ಎಳೆದುಬಿಟ್ಟಳು.

"ಯಾಕೆ ಅತ್ತಿಗೆ?"

"ಬರೆದುಬಿಟ್ರೆ ನೀನು ಬಂದಾಗಲೆಲ್ಲ, ಇವಳು ಬರಬೇಕು ಅಂತ ಬಂದ್ಲಾ, ಬರೆದಿದೆ ಅಂತ ಬಂದ್ಲಾ ಅಂತ ನಾನು ಯೋಚನೆ ಮಾಡ್ತಾ ಕೂತ್ಕೋಬೇಕು. ಬೇಡಪ್ಪ. ಅದೊಂದು ಬಾಯಿಮಾತಲ್ಲೇ ಇರಲಿ."

ಕೆಳಗಿನ ಖಾಲಿ ಜಾಗದಲ್ಲಿ ಅವಳು ಸಹಿ ಹಾಕಿದಳು, ಮೊದಲನೆಯದಕ್ಕಿಂತ ನಿಧಾನವಾಗಿ, ಹೆಸರಿನ ಎಲ್ಲ ಅಕ್ಷರವೂ ಕಾಣುವಂತೆ. ಪಕ್ಕದಲ್ಲಿ ನಾದಿನಿ ಹಾಕಿದಳು. ಶಾಯಿ ಆರುವವರೆಗೆ ಇಬ್ಬರೂ ಕಾದರು. ನಾದಿನಿ ಅತ್ತಿಗೆಯ ಹೆಗಲಿನ ಮೇಲೆ ಅಂಟಿದ್ದ ಕಾಗದದ ಎಳೆಯೊಂದನ್ನು ತೆಗೆದು ಹಾಕಿದಳು. ಕೈಯನ್ನು ಕೂಡಲೇ ಹಿಂದೆಗೆದುಕೊಳ್ಳಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಮುದುಕರೊಬ್ಬರು ನಿಂತಿದ್ದರು. ಕಂಕುಳಲ್ಲಿ ದಪ್ಪನೆಯ ನಿಘಂಟು, ಅದರ ಬೆನ್ನು ಮುರಿದು ಹಾಳೆಗಳು ಜೋತುಬಿದ್ದಿದ್ದವು. "ಇದೊಂದು ರಿಪೇರಿ ಆಗಬೇಕಮ್ಮ."

ಅತ್ತಿಗೆಯ ಕೈ ಅಭ್ಯಾಸಬಲದಿಂದ ಮುಂದೆ ಹೋಯಿತು. ಅಲ್ಲೇ ತಡೆದುಕೊಂಡಳು. "ಹಳೇ ಪುಸ್ತಕದ ಕೆಲಸ ಈಗ ಇಲ್ಲಿ ಮಾಡಲ್ಲ ಸಾರ್."

"ಬೋರ್ಡಿನಲ್ಲಿ ಬರೆದಿದೆಯಲ್ಲಮ್ಮ?"

"ಬೋರ್ಡು ಬದಲಾಗುತ್ತೆ. ಸೋಮವಾರದ ಮೇಲೆ ದೊಡ್ಡ ಲೈಬ್ರರಿಗೆ ಹೋಗಿ. ಅಲ್ಲಿ ನನ್ನ ನಾದಿನಿ ಮಾಡ್ತಾಳೆ. ಅವಳ ಕೈಯಷ್ಟು ಚೊಕ್ಕಟ ಕೈ ಇನ್ನೊಂದಿಲ್ಲ. ಪುಸ್ತಕ ಕೊಟ್ಟು ನೀವು ನಿಶ್ಚಿಂತೆಯಾಗಿ ಇರಬಹುದು."

ಕಿಟಕಿಯ ಬಳಿ ದಾರದ ಉಂಡೆಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ ನಾದಿನಿಯ ಕೈ ನಿಂತಿತು. ಇಪ್ಪತ್ತಾರು ವರ್ಷದಲ್ಲಿ ಈ ಮಾತನ್ನು ಅತ್ತಿಗೆ ಅವಳೆದುರು ಆಡಿರಲಿಲ್ಲ.

ಮುದುಕರು ಅತ್ತಿತ್ತ ನೋಡಿದರು. "ಅಲ್ಲಿ ಕೂತಿರೋರು ಯಾರು ಮತ್ತೆ?"

"ಅವಳೇ. ಇವತ್ತು ಅವಳಿಗೆ ಪುರುಸೊತ್ತಿಲ್ಲ, ಸಾಮಾನು ಕಟ್ಟಿಕೊಳ್ತಿದ್ದಾಳೆ."

"ಅಲ್ಲೀವರೆಗೂ ಪುಸ್ತಕಾನ ನಿಲ್ಲಿಸಿ ಇಡಬೇಡಿ ಸಾರ್, ಮಲಗಿಸಿ ಇಡಿ" ಎಂದಳು ನಾದಿನಿ. ತಲೆ ಬಗ್ಗಿಸಿ ದಾರದ ಉಂಡೆಯೊಂದನ್ನು ಸುಮ್ಮನೆ ಬಿಚ್ಚಿ ಸುತ್ತಿದಳು.

"ಲೈಬ್ರರಿಗೆ ಇಲ್ಲಿಂದ ಹೇಗೆ ಹೋಗೋದಮ್ಮ?" ಎಂದರು ಮುದುಕರು.

ಅತ್ತಿಗೆಗೆ ಗೊತ್ತಿರಲಿಲ್ಲ. "ಹೇಳೇ, ಯಾವ ಬಸ್ಸು?"

ನಾದಿನಿ ಹೇಳಿದಳು. ಮೊದಲು ಒಂದು ಬಸ್ಸು, ದೊಡ್ಡ ಗಡಿಯಾರದ ಹತ್ತಿರ ಇಳಿದು ಇನ್ನೊಂದು, ಅದು ಅರ್ಧ ಗಂಟೆಗೊಮ್ಮೆ, ಇಳಿದ ಮೇಲೆ ಎಡಕ್ಕೆ. ಅತ್ತಿಗೆ ಕಾಗದದ ಚೂರಿನ ಮೇಲೆ ಎಲ್ಲವನ್ನೂ ಬರೆದು ಮುದುಕರ ಕೈಗಿತ್ತಳು. ಅವರು ನಿಘಂಟನ್ನು ಮಗುವಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಟುಹೋದರು. ಆಮೇಲೆ ಅವಳು ಇನ್ನೊಂದು ಚೂರು ತೆಗೆದುಕೊಂಡು, "ಮೊದಲನೇ ಬಸ್ಸು ಯಾವುದಂದೆ? ಇನ್ನೊಂದ್ಸಲ ನಿಧಾನವಾಗಿ ಹೇಳು" ಎಂದು ಮತ್ತೆ ಬರೆಯತೊಡಗಿದಳು.